ಅಂಚಿಗೆ ಹೊಲಿದ ಸೀಸ

ಪಾಪಿಗಳ ಅಳತೆ ತೆಗೆಯುವುದು ನನ್ನ ಕೆಲಸ ಎಂದು ಅವಳು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಈ ಶನಿವಾರ ಬೆಳಿಗ್ಗೆ ಅದು ನೆನಪಾಗಿ ಬಾಯಿ ಕಹಿಯಾಯಿತು. ಕಿಟಕಿ ಪಕ್ಕದ ಹೊಲಿಗೆ ಮೇಜಿನ ಮೇಲೆ ಬಿಳಿ ನಿಲುವಂಗಿಯೊಂದು ಎರಡೂ ತೋಳು ಚಾಚಿಕೊಂಡು ಮಲಗಿತ್ತು. ಅದರ ಪಕ್ಕ ಒಂದು ತಟ್ಟೆಯಲ್ಲಿ ಗೋಲಿ ಗಾತ್ರದ ಸೀಸದ ಗುಂಡುಗಳು. ನಾಳೆ ಭಾನುವಾರ, ಚರ್ಚಿನಲ್ಲಿ ದೀಕ್ಷಾಸ್ನಾನ. ಈ ಸಲ ತೊಟ್ಟಿಗೆ ಇಳಿಯುವವನು ಒಬ್ಬನೇ. ಸಭೆಯವರು ಅವಳನ್ನು ನಿಲುವಂಗಿ ಅಕ್ಕ ಎಂದು ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ನೀರಿಗಿಳಿದವರಿಗೆಲ್ಲ ಅಂಗಿ ಹೊಲಿದವಳು ಅವಳೇ, ತೊಡಿಸಿ ಮೆಟ್ಟಿಲಿಳಿಸಿ ಕಳಿಸಿದವಳೂ ಅವಳೇ, ಆಮೇಲೆ ರಿಜಿಸ್ಟರಿನಲ್ಲಿ ಸಾಕ್ಷಿ ಎಂದು ಹೆಸರು ಬರೆದವಳೂ ಅವಳೇ. ತೊಡಿಸಿದವರೇ ಸಾಕ್ಷಿ ಎನ್ನುವುದು ಆ ಸಭೆಯ ಹಳೆಯ ರೂಢಿ. ಕೆಳಗಿನ ಅಂಚಿಗೆ ನಾಲ್ಕು ಗುಂಡು, ಒಂದೊಂದು ತೋಳಿಗೆ ಒಂದೊಂದು: ಇದು ಅವಳ ಲೆಕ್ಕ. ಅಷ್ಟು ಭಾರವಿದ್ದರೆ ಅಂಗಿ ನೀರಿನಲ್ಲಿ ಉಬ್ಬಿ ಮೇಲೇಳುವುದಿಲ್ಲ. ಇವತ್ತು ಕೆಳ ಅಂಚಿಗೆ ನಾಲ್ಕನ್ನೇ ಹಾಕಿದಳು. ಬಲಗಡೆಯ ತೋಳಿಗೆ ಒಂದು ಹಾಕಿದಳು, ಎರಡು ಹಾಕಿದಳು, ಐದು ಹಾಕಿ ಅಂಚು ಮುಚ್ಚಿದಳು. ಎಡಗಡೆಗೂ ಐದು. ಮುಳುಗಿಸಿ ಕೊಲ್ಲುವಷ್ಟೇನಲ್ಲ, ಆ ಆಸೆ ಇರಲಿಲ್ಲ ಎಂದೂ ಅಲ್ಲ. ಎಳೆಯಬೇಕು, ಅಷ್ಟೇ. ಏಳುವಾಗ ತೋಳು ಎತ್ತಲಾಗದೆ ಪರದಾಡಬೇಕು. ಇಡೀ ಸಭೆ ನೋಡಬೇಕು.

ಈ ಗುಂಡುಗಳ ಉಪಾಯ ಅವಳಿಗೆ ಹೊಳೆದದ್ದೇ ಒಂದು ಅವಮಾನದಿಂದ. ಅವಳು ನೀರಿಗಿಳಿದ ದಿನ ಅಂಗಿಗೆ ಭಾರವಿರಲಿಲ್ಲ. ಹಳೆಯ ಪಾಸ್ಟರ್ ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಬಾಗಿಸಿದಾಗ ಬಟ್ಟೆ ಗಾಳಿ ತುಂಬಿದ ಚೀಲದ ಹಾಗೆ ಎದೆಯವರೆಗೂ ಎದ್ದುಬಿಟ್ಟಿತು. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಾಪ ತೊಳೆದುಹೋಗುವ ಹೊತ್ತಿನಲ್ಲಿ ಅವಳು ಎರಡೂ ಕೈಯಿಂದ ಅಂಗಿಯನ್ನು ಕೆಳಕ್ಕೆ ಒತ್ತುತ್ತಿದ್ದಳು. ಸ್ವರ್ಗ ತೆರೆಯಿತೋ ಮುಚ್ಚಿತೋ ಅವಳಿಗೆ ಗೊತ್ತಾಗಲಿಲ್ಲ. ತೊಡೆ ಕಾಣುತ್ತಿದೆ ಎಂಬುದೊಂದೇ ಗೊತ್ತಿತ್ತು. ಇನ್ನೊಂದು ವಿಷಯವೂ ಇತ್ತು, ಅದನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ದಿನ ಹಳೆಯ ಪಾಸ್ಟರ್ ಕೇಳಿದ್ದರು: "ನೀನು ಕ್ಷಮಿಸದೆ ಉಳಿಸಿಕೊಂಡೋರು ಯಾರಾದ್ರೂ ಇದಾರೇನಮ್ಮ?" ಅವಳು ಯೋಚಿಸಲೂ ಇಲ್ಲ. "ಇಲ್ಲ," ಅಂದಳು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದಾರಾ ಅಂದರೆ ಇಲ್ಲ ಅನ್ನುವ ಹಾಗೆ. ಸುಳ್ಳು ಎಂದು ಆಗಲೂ ಗೊತ್ತಿತ್ತು. ಅದು ಬೇರೆ ವಿಷಯ ಎಂದು ಹದಿನೆಂಟು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ನಾಳೆ ನೀರಿಗಿಳಿಯುವವನು ಅವಳು ಹಿಂದೆ ದುಡಿದ ಅಂಗಿ ಕಾರ್ಖಾನೆಯ ಮೇಸ್ತ್ರಿ. ಅವನನ್ನು ಅವಳು ಗುರುತು ಹಿಡಿದದ್ದು ಮುಖದಿಂದಲ್ಲ. ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಆಸ್ಪತ್ರೆಯಲ್ಲಿ ನರ್ಸಾಗಿರುವ ಒಬ್ಬ ಹೆಂಗಸು ತನ್ನ ಮಾವನನ್ನು ಕರೆದುಕೊಂಡು ಬಂದು ಮೂರನೇ ಬೆಂಚಿನಲ್ಲಿ ಕೂರಿಸಿದಳು. ಮುದುಕ, ಕುತ್ತಿಗೆಯ ಚರ್ಮ ಜೋಲು, ಕೋಟು ಇಬ್ಬರಿಗಾಗುವಷ್ಟು ದೊಡ್ಡದು. ಅವನು ಹಾಡಿನ ಪುಸ್ತಕ ತೆಗೆದು ತೋರುಬೆರಳಿಗೆ ಎಂಜಲು ಹಚ್ಚಿ ಹಾಡುಗಳ ಪಟ್ಟಿಯ ಮೇಲೆ ಒಂದೊಂದೇ ಸಾಲು ಇಳಿಸುತ್ತಾ ಬಂದ. ಒಂದು ಕಡೆ ನಿಲ್ಲಿಸಿ ಉಗುರಿನಿಂದ ಎರಡು ಸಲ ತಟ್ಟಿದ. ಅವಳು ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿದಳು. ಆ ಬೆರಳು ದಿನಾ ಬೆಳಿಗ್ಗೆ ಹಾಜರಿ ಪಟ್ಟಿಯ ಮೇಲೆ ಹೀಗೇ ಇಳಿದು ಬರುತ್ತಿತ್ತು, ತಡವಾಗಿ ಬಂದವಳ ನಂಬರಿನ ಮೇಲೆ ಹೀಗೇ ತಟ್ಟುತ್ತಿತ್ತು. ಆ ದಿನ ಅವಳು ಒಂದು ಹಾಡನ್ನೂ ಹಾಡಲಿಲ್ಲ. ಮುಗಿದ ಮೇಲೆ ಬಾಗಿಲಲ್ಲಿ ಎದುರಾದಾಗ ಅವನು ಅವಳ ಕೈ ಕುಲುಕಿ, "ಸಮಾಧಾನ ಇರಲಿ," ಅಂದ. ಕಣ್ಣಲ್ಲಿ ಎಳ್ಳಷ್ಟೂ ಗುರುತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಈ ಭೇಟಿಯನ್ನು ಸಾವಿರ ರೀತಿಯಲ್ಲಿ ಮನಸ್ಸಿನಲ್ಲೇ ನಡೆಸಿದ್ದಳು. ಒಂದರಲ್ಲಿ ಅವನು ನಡುಗುತ್ತಿದ್ದ, ಒಂದರಲ್ಲಿ ಮುಖ ಮುಚ್ಚಿಕೊಂಡು ಓಡುತ್ತಿದ್ದ, ಒಂದರಲ್ಲಿ ಜಗಳಕ್ಕೇ ಬರುತ್ತಿದ್ದ. ಮರೆತಿರಬಹುದು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಅವಳು ದಿನಾ ತಿಂದು, ದಿನಾ ಕಕ್ಕಿ, ಮತ್ತೆ ತಿಂದ ಆ ಇಪ್ಪತ್ತೈದು ನಿಮಿಷಗಳು ಅವನ ಪಾಲಿಗೆ ಒಂದು ಬೆಳಗೂ ಆಗಿರಲಿಲ್ಲ.

ಮೊನ್ನೆ ಗುರುವಾರ ಅಳತೆ ಕೊಡಲು ಬಂದಿದ್ದ. ಸೊಸೆ ಹೊರಗೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದಳು. "ತೋಳು ಎತ್ತಿ," ಅಂದಳು ಇವಳು, ಎಲ್ಲರಿಗೂ ಹೇಳುವ ಹಾಗೆ. ಅವನು ಎತ್ತಿದ. ಎದೆಯ ಸುತ್ತ ಟೇಪು ಹಾಯಿಸುವಾಗ ಅವಳ ಬೆರಳು ಅವನ ಕಂಕುಳ ಕೆಳಗಿನ ಎಲುಬುಗಳಿಗೆ ತಾಗಿತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟಳು. ಸೊಂಟ ಅಳೆದಳು, ಜೇಬಿನ ಜಾಗ ಮುಟ್ಟಿದಳು, ಬೆನ್ನಿನ ಮೇಲೆ ಅಂಗೈ ಒತ್ತಿ ಇಳಿಸಿದಳು. ಅಳತೆ ಆಗಲೇ ಮುಗಿದಿತ್ತು. ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಏನ್ ಹುಡುಕ್ತಿದೀರಮ್ಮ, ನನ್ ಹತ್ರ ಏನೂ ಇಲ್ಲ," ಅಂದ. ಅವಳ ಕೈಯಿಂದ ಟೇಪು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಕಿವಿಯಲ್ಲಿ ನಲವತ್ತು ಮೆಷಿನ್‌ಗಳು ಒಟ್ಟಿಗೆ ಓಡತೊಡಗಿದವು.

ಆ ಮೆಷಿನ್‌ಗಳು ಆ ದಿನವೂ ನಿಂತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಸಿದ್ದು. ಅಂಗಿಗಳ ಕಾಲರ್ ಕಟ್ಟೊಂದು ಕಾಣೆಯಾಗಿದೆ ಎಂದು ಮೇಸ್ತ್ರಿ ಸಾಲಿನ ನಡುವೆ ಬಂದು ನಿಂತ, ಎಂಜಲು ಬೆರಳನ್ನು ಪಟ್ಟಿಯ ಮೇಲೆ ಇಳಿಸಿದ, ತಟ್ಟಿದ. "ಇಪ್ಪತ್ತೇಳು. ಎದ್ ಬಾ." ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಮೆಷಿನ್ ನಂಬರೇ ಹೆಸರು, ಹೆಂಗಸರು ತಮ್ಮತಮ್ಮಲ್ಲೂ ಹದಿನಾಲ್ಕು, ಮೂವತ್ತೊಂದು ಎಂದೇ ಕರೆದುಕೊಂಡು ನಗುತ್ತಿದ್ದರು. ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿದ. "ಕೈ ಎತ್ತು." ಆಗ ಅವಳಿಗೆ ಇಪ್ಪತ್ತನಾಲ್ಕು, ಸೊಂಟ ದಾಟುವ ಕೂದಲು. ಜೇಬು ತಡವಿದ, ಸೊಂಟ ತಡವಿದ, ತೋಳಿನ ಕೆಳಗೆ ತಡವಿದ, ತುರುಬನ್ನು ಬಿಚ್ಚಿ ಒದರಿದ. ಊಟದ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿ ಚಪ್ಪಲಿ ತುದಿಯಿಂದ ಕೆದಕಿ ನೋಡಿದ. ಏನೂ ಸಿಗಲಿಲ್ಲ. ಸಿಗಲಿಲ್ಲ ಅಂದಮೇಲೆ ಇಳಿಸಬೇಕಲ್ಲ? "ಆಗ್ಲೇ ಸಾಗ್ಸಿದಾಳೆ. ಟೀ ಗಂಟೆ ಹೊಡೆಯೋವರೆಗೂ ಹಂಗೇ ನಿಂತಿರ್ಲಿ. ಬೇರೆಯೋರಿಗೂ ಬುದ್ಧಿ ಬರತ್ತೆ." ಬಾಗಿಲ ಮೇಲಿನ ಗಡಿಯಾರದಲ್ಲಿ ಹನ್ನೊಂದಕ್ಕೆ ಕಾಲುಗಂಟೆ ಇತ್ತು. ಟೀ ಗಂಟೆ ಹನ್ನೊಂದೂ ಹತ್ತಕ್ಕೆ. ತೋಳು ಎತ್ತಿ ಹಿಡಿಯುವುದು ಮೊದಲ ಐದು ನಿಮಿಷ ಕಷ್ಟವಲ್ಲ, ಆಮೇಲೆ ಭುಜಕ್ಕೆ ಬೆಂಕಿ ಬೀಳುತ್ತದೆ, ಹತ್ತು ದಾಟಿದರೆ ತೋಳು ನಿಮ್ಮದಲ್ಲ. ಮೂರು ಸಲ ಅವಳ ತೋಳು ತಾನಾಗಿ ಇಳಿಯಿತು. ಮೂರು ಸಲವೂ ಅವನು ತಲೆ ಎತ್ತದೆಯೇ "ಎತ್ತು" ಅಂದ. ಹದಿನಾಲ್ಕು ಅಳುತ್ತಾ ಹೊಲಿಯುತ್ತಿದ್ದಳು. ಆದರೆ ಹೊಲಿಯುತ್ತಿದ್ದಳು.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಎಲ್ಲವನ್ನೂ ಕೇಳಿ, ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಕೇಳಿದಳು: "ನನ್ನತ್ರ ಆದ್ರೂ ನಿಜ ಹೇಳು. ತಗೊಂಡಿದ್ಯಾ?" ಮೇಸ್ತ್ರಿಯ ಕೈ ಮುಟ್ಟದ ಒಂದು ಜಾಗ ಉಳಿದಿತ್ತು, ಅದನ್ನು ಅಮ್ಮ ಮುಟ್ಟಿದಳು. ಮರುದಿನ ಆ ಕಟ್ಟು ಇಸ್ತ್ರಿ ಮೇಜಿನ ಹಿಂದೆ ಸಿಕ್ಕಿತಂತೆ. ಅದು ಅವಳಿಗೆ ತಿಳಿದದ್ದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವಳು ಸೇತುವೆ ದಾಟಿ, ಬಸ್ಸು ಹತ್ತಿ, ಚಿಕ್ಕಮ್ಮನ ಊರು ಸೇರಿಕೊಂಡಿದ್ದಳು. ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದಳು ಎನ್ನುವುದೂ ನಿಜವೇ. ಕೆಳಗೆ ನೀರು ಕೆಸರು ಬಣ್ಣದ್ದಾಗಿತ್ತು. ಅದರಲ್ಲಿ ಮೂಗು ಮುಳುಗಿಸುವುದಕ್ಕೆ ಅಸಹ್ಯವಾಗಿ ಮುಂದೆ ನಡೆದಳು. ಆಗ ಅಸಹ್ಯಪಡದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಅವಳು ಆಗಾಗ ಯೋಚಿಸುತ್ತಿದ್ದಳು, ಆದರೆ ಅಮ್ಮನನ್ನು ನೋಡಲು ಮಾತ್ರ ಮತ್ತೆ ಹೋಗಲಿಲ್ಲ. ಅಮ್ಮ ಮಣ್ಣಾದ ಸುದ್ದಿಯೂ ಹದಿನೈದು ದಿನ ತಡವಾಗಿ ಬಂತು. ಅದನ್ನೂ ಅವಳು ಮೇಸ್ತ್ರಿಯ ತಲೆಗೇ ಕಟ್ಟಿದಳು.

ದೀಕ್ಷಾಸ್ನಾನಕ್ಕೆ ಮೊದಲು ಆರು ವಾರ ಪಾಠ ನಡೆಯುತ್ತದೆ. ನಿಲುವಂಗಿ ಅಕ್ಕ ಅಲ್ಲಿರಬೇಕೆಂದೇನೂ ಇಲ್ಲ, ಆದರೂ ಹಿಂದಿನ ಕುರ್ಚಿಯಲ್ಲಿ ಸೂಜಿದಾರ ಹಿಡಿದುಕೊಂಡು ಕೂತಿರುತ್ತಿದ್ದಳು. ಈಗಿನ ಪಾಸ್ಟರ್ ಚಿಕ್ಕ ವಯಸ್ಸಿನವರು, ಮೊದಲು ಬಡಗಿ ಕೆಲಸ ಮಾಡಿದವರು. ಮಾತು ಸುತ್ತಿ ಬಳಸಿ ಆಡುವುದು ಗೊತ್ತಿಲ್ಲ. "ದೀಕ್ಷಾಸ್ನಾನ ಅಂದ್ರೆ ಸ್ನಾನ ಅಲ್ಲ, ಹೂಳೋದು," ಅಂದಿದ್ದರು. "ಪಶ್ಚಾತ್ತಾಪದಲ್ಲಿ ಹಳೇ ಮನುಷ್ಯ ಸಾಯ್ತಾನೆ. ಸತ್ತೋನನ್ನ ನೀರಲ್ಲಿ ಹೂಳ್ತೀವಿ, ಹೊಸಬನನ್ನ ದೇವರು ಎಬ್ಬಿಸ್ತಾನೆ. ಪಾಪ ಗೊತ್ತಿದ್ದೂ ಬಚ್ಚಿಟ್ಕೊಂಡು ನೀರಿಗೆ ಇಳಿದ್ರೆ ಹಳಬ ಇನ್ನೂ ಬದುಕಿರ್ತಾನೆ. ಬದುಕಿರೋನನ್ನ ಹೂಳಿದ್ರೆ ಏನಾಗತ್ತೆ? ಒದ್ದಾಡ್ತಾನೆ. ಅಷ್ಟೇ ಆಗೋದು." ಮೇಸ್ತ್ರಿಯ ಸೊಸೆ ಒಂದು ಪ್ರಶ್ನೆ ಕೇಳಿದಳು: ಪಶ್ಚಾತ್ತಾಪ ಪಟ್ಟವನು ನೀರಿಗೆ ಇಳಿಯುವ ಮೊದಲೇ ಸತ್ತರೆ? ಪಾಸ್ಟರ್ ದೇವಕುಮಾರನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಕಥೆ ಹೇಳಿದರು. ಅವನಿಗೆ ತೊಟ್ಟಿಯೂ ಇರಲಿಲ್ಲ, ಅಂಗಿಯೂ ಇರಲಿಲ್ಲ. ಒಂದು ಮಾತು ಕೇಳಿಕೊಂಡ, ಅದೇ ದಿನ ಪರದೈಸಿಗೆ, ಅಂದರೆ ಸ್ವರ್ಗಕ್ಕೆ, ಹೋದ. ಎಲ್ಲರೂ ತಲೆಯಾಡಿಸಿದರು. ಅವಳಿಗೆ ಮಾತ್ರ ಆ ಕಳ್ಳನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನು ಯಾರ ಮನೆ ನುಗ್ಗಿದ್ದನೋ ಅವರನ್ನು ಯಾರು ಕೇಳಿದರು? ಆ ಮನೆಯವಳು ಆವತ್ತು ಸಂಜೆ ಏನು ಮಾಡುತ್ತಿದ್ದಳು? ದೇವರು ಅವಳ ಪರವಾಗಿ ಕ್ಷಮಿಸಿಬಿಟ್ಟ, ಅವಳಿಗೆ ತಿಳಿಸಲೂ ಇಲ್ಲ.

ಅಲ್ಲೇ, ಆ ಕುರ್ಚಿಯಲ್ಲೇ, ಅವಳಿಗೆ ದಾರಿ ಕಂಡಿತು. ಮರೆತವನಿಗೆ ಪಶ್ಚಾತ್ತಾಪವಿಲ್ಲ, ಸರಿ. ಆದರೆ ಮರೆತವನು ಬಚ್ಚಿಟ್ಟುಕೊಂಡ ಹಾಗೂ ಆಗುವುದಿಲ್ಲ, ದೇವರು ಅವನನ್ನು ಹಾಗೆಯೇ ಒಳಗೆ ಬಿಟ್ಟುಕೊಂಡರೂ ಬಿಟ್ಟುಕೊಂಡಾನು. ನೆನಪು ಮಾಡಿಕೊಡಬೇಕು. ಬೇಗ ಮಾಡಿಕೊಟ್ಟರೆ ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಕ್ಷಮೆ ಗಿಟ್ಟಿಸಿಕೊಂಡು ಹೋಗುತ್ತಾನೆ. ಕೊನೆಯ ಮೆಟ್ಟಿಲಲ್ಲಿ ಹೇಳಬೇಕು. ಕಾಲು ನೀರಿನಲ್ಲಿ, ಪಾಸ್ಟರ ಕೈ ಮುಂದೆ, ಸಭೆ ಹಾಡುತ್ತಿದೆ. ಆ ಹೊತ್ತಿನಲ್ಲಿ ಯಾವ ಮನುಷ್ಯನೂ ಹಿಂದಕ್ಕೆ ತಿರುಗುವುದಿಲ್ಲ, ಸೊಸೆ ನೋಡುತ್ತಿದ್ದಾಳೆ, ಮಾನ ಹೋಗುತ್ತದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇಳಿಯುತ್ತಾನೆ. ಬದುಕಿರುವಾಗಲೇ ಹೂಳಿಸಿಕೊಳ್ಳುತ್ತಾನೆ. ಆಮೇಲೆ ಎಷ್ಟು ವರ್ಷ ಉಳಿದಿದ್ದಾನೋ ಅಷ್ಟು ವರ್ಷ ಒದ್ದಾಡಲಿ. ಇದನ್ನು ಯೋಚಿಸುವಾಗ ಅವಳಿಗೆ ಹಸಿವಾಯಿತು. ಬಹಳ ದಿನಗಳ ಮೇಲೆ ಆವತ್ತು ಹೊಟ್ಟೆ ತುಂಬ ಉಂಡಳು.

ಶನಿವಾರ ಸಂಜೆ ಒಪ್ಪಿಸುವ ಕೂಟ. ಇಳಿಯುವವನು ಎಲ್ಲರ ಮುಂದೆ ನಿಂತು ತನ್ನ ತಪ್ಪುಗಳನ್ನು ಹೇಳಬೇಕು. ನೋಯಿಸಿದವರು ಬದುಕಿದ್ದರೆ ಅವರ ಹತ್ತಿರ ಹೋಗಿ ಬಂದಿರಬೇಕು. ಆಮೇಲೆ ಪಾಸ್ಟರ್ ಸಭೆಯನ್ನು ಮೂರು ಸಲ ಕೇಳುತ್ತಾರೆ: ಇವರ ಮೇಲೆ ಯಾರಿಗಾದರೂ ಏನಾದರೂ ಇದೆಯೇ? ಒಬ್ಬರು ಎದ್ದು ನಿಂತರೂ ಸ್ನಾನ ಮುಂದಕ್ಕೆ ಹೋಗುತ್ತದೆ, ಅವರಿಬ್ಬರ ನಡುವೆ ತೀರ್ಮಾನವಾಗುವ ತನಕ. ಮೇಸ್ತ್ರಿ ಎದ್ದು ನಿಂತ. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಕುಡಿಯುತ್ತಿದ್ದೆ ಅಂದ. ಹೆಂಡತಿಗೆ ಕೈ ಮಾಡುತ್ತಿದ್ದೆ ಅಂದ. ಮಗನ ಹತ್ತಿರ ಹೋಗಿ ಕ್ಷಮೆ ಕೇಳಿಕೊಂಡು ಬಂದೆ, ಅವನು ಮಾತಾಡಲಿಲ್ಲ, ಆದರೆ ಒಳಗೆ ಕೂರಿಸಿದ ಅಂದ. ಅವಳು ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ಮಡಿಲಲ್ಲಿ ಹಿಸುಕುತ್ತಾ ಕೇಳುತ್ತಿದ್ದಳು. ಆಮೇಲೆ ಅವನು ಮುಂದಿನ ಬೆಂಚಿನ ಅಂಚು ಹಿಡಿದುಕೊಂಡ. "ಇನ್ನೊಂದಿದೆ," ಅಂದ. "ನನ್ನಿಂದ ಒಂದು ಜೀವ ಹೋಗಿದೆ. ಕೈಯಾರೆ ಕೊಂದಿಲ್ಲ. ಕೊಂದ ಹಾಗೇ. ಕಾಲು ಹಿಡಿಯೋಣ ಅಂದ್ರೆ ಹಿಡಿಯೋಕೆ ಕಾಲಿಲ್ಲ." ಅಷ್ಟು ಹೇಳಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಸತ್ತವರ ವಿಷಯ ದೇವರಿಗೆ ಬಿಟ್ಟದ್ದು ಎಂದು ಪಾಸ್ಟರ್ ಅವನ ಭುಜ ಮುಟ್ಟಿದರು. ಸುತ್ತಲೂ ಮೂಗು ಒರೆಸಿಕೊಳ್ಳುವ ಸದ್ದು. ಹೆಂಡತಿಯೇ ಇರಬೇಕು ಎಂದುಕೊಂಡಳು ಅವಳು, ಮತ್ತು ಆ ಸತ್ತ ಹೆಂಗಸಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಸತ್ತವಳಿಗಾಗಿ ಇವನ ಕಣ್ಣಲ್ಲಿ ನೀರಿದೆ. ಬದುಕಿ, ಕನ್ನಡಕ ಹಾಕಿಕೊಂಡು, ಕತ್ತರಿಸಿದ ನರೆಗೂದಲು ಹೊತ್ತುಕೊಂಡು, ಇವನ ಅಳತೆ ತೆಗೆದವಳಿಗೆ ಒಂದು ಹನಿ ಇಲ್ಲ. ಸಾಯಬೇಕಿತ್ತೇನೋ. ಪಾಸ್ಟರ್ ಮೂರು ಸಲ ಕೇಳಿದರು. ಮೊದಲ ಸಲ ಅವಳ ಮೊಣಕಾಲು ತಾನಾಗಿ ಅಲುಗಿತು. ಎರಡನೇ ಸಲ ಪಾಸ್ಟರ ಕಣ್ಣು ಅವಳ ಮೇಲೇ ನಿಂತ ಹಾಗಾಯಿತು. ಮೂರನೆಯ ಸಲ ಅವಳು ದಿಂಬಿನ ಸೂಜಿಯೊಂದನ್ನು ಹೆಬ್ಬೆರಳಿಗೆ ಒತ್ತಿಕೊಂಡು ಕೂತೇ ಇದ್ದಳು. ಎದ್ದರೆ ಎಲ್ಲ ಕೆಡುತ್ತಿತ್ತು.

ಭಾನುವಾರ ತೊಟ್ಟಿ ತುಂಬಿಸಿ ಆಗಿತ್ತು. ತೊಟ್ಟಿಗೂ ಬಟ್ಟೆ ಬದಲಿಸುವ ಕೋಣೆಗೂ ನಡುವೆ ಒಂದು ಪರದೆ. ಪರದೆಯ ಆಚೆ ನಾಲ್ಕು ಮೆಟ್ಟಿಲು ನೀರಿಗಿಳಿಯುತ್ತವೆ. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ರಿಜಿಸ್ಟರು, ಬಾಗಿಲ ಮೇಲೆ ಗಡಿಯಾರ. ಅವಳು ಅಂಗಿಯನ್ನು ಅವನ ತಲೆಯ ಮೇಲಿಂದ ಇಳಿಸಿದಳು. "ತೋಳು ಭಾರ ಇದೆಯಲ್ಲಮ್ಮ," ಅಂದ. "ನೀರಲ್ಲಿ ಗೊತ್ತಾಗಲ್ಲ," ಅಂದಳು. ಹೊರಗೆ ಹಾಡು ಶುರುವಾಯಿತು. ಪರದೆ ಸರಿಸಿದಳು. ಪಾಸ್ಟರ್ ಸೊಂಟದವರೆಗಿನ ನೀರಿನಲ್ಲಿ ನಿಂತು ಕೈ ಚಾಚಿದ್ದರು. ಮೇಸ್ತ್ರಿ ಮೊದಲ ಮೆಟ್ಟಿಲು ಇಳಿದ, ಎರಡನೆಯದು, ತಣ್ಣಗಿದೆ ಎಂದು ಗೊಣಗಿದ. ಅವಳು ಅಂಗಿಯ ಹಿಂದಿನ ಅಂಚು ಹಿಡಿದು ಅವನ ಬೆನ್ನಿಗೇ ಇದ್ದಳು. ಮೂರನೆಯ ಮೆಟ್ಟಿಲಲ್ಲಿ ಬಗ್ಗಿ, ಇಪ್ಪತ್ತೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಅವನ ಕಿವಿಗೆ ಹಾಕಿದಳು. "ಇಪ್ಪತ್ತೇಳನೇ ನಂಬರು ನೆನಪಿದ್ಯಾ, ಮೇಸ್ತ್ರಿ?"

ಅವನು ತಟ್ಟನೆ ನಿಂತ. ತಿರುಗಿದ ಮುಖ ನೋಡಿ ಅವಳಿಗೇ ಭಯವಾಯಿತು. ಅದರಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಎಷ್ಟೋ ದಿನದಿಂದ ಬಾಗಿಲು ತಟ್ಟಿ ತಟ್ಟಿ ಸಾಕಾಗಿದ್ದವನಿಗೆ ಒಳಗಿನಿಂದ ಯಾರೋ ಓಗೊಟ್ಟ ಹಾಗಿತ್ತು. "ಅವಳ ವಿಷಯ ನಿಮಗೆ ಹೆಂಗೆ ಗೊತ್ತು?" ಅಂದ. "ಅವಳ ಬಗ್ಗೆನೇ ನಾನು ನಿನ್ನೆ ಹೇಳಿದ್ದು. ಆ ಹುಡುಗಿ ತಪ್ಪು ಮಾಡಿರ್ಲಿಲ್ಲ. ಮಾರನೇ ದಿನಾನೇ ಕಟ್ಟು ಸಿಕ್ತು. ಹೇಳೋಣ ಅಂತ ಹೋದೆ, ಅಷ್ಟೊತ್ತಿಗೆ ಸೇತುವೆ ಮೇಲೆ ನಿಂತಿದ್ದೋಳು ಮತ್ತೆ ಕಾಣಿಸಲೇ ಇಲ್ಲ ಅಂತ ಇಸ್ತ್ರಿಯೋನು ಅಂದ. ಅವಳಮ್ಮ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ರು. ನೀವು... ನೀವು ಅವಳಿಗೆ ಏನಾಗ್ಬೇಕು?"

ಹಾಡಿನ ಎರಡನೆಯ ಚರಣ ನಡೆಯುತ್ತಿತ್ತು. ಪಾಸ್ಟರ್ ಏನು ಎಂಬಂತೆ ಹುಬ್ಬು ಏರಿಸಿದರು. ಅವಳ ಕೈಯಲ್ಲಿ ಅಂಗಿಯ ಅಂಚು, ಅಂಚಿನಲ್ಲಿ ಸೀಸ. ಹೊಟ್ಟೆಕಿಚ್ಚುಪಟ್ಟದ್ದು ತನ್ನ ಮೇಲೆಯೇ ಎಂದು ಅರ್ಥವಾಗುವುದಕ್ಕೆ ಅವಳಿಗೆ ಒಂದು ಗಳಿಗೆ ಹಿಡಿಯಿತು. ಅವನು ಮರೆತಿರಲಿಲ್ಲ. ಇಪ್ಪತ್ತೆರಡು ವರ್ಷ ಇವನೂ ಅದನ್ನೇ ತಿಂದಿದ್ದ. ಅಮ್ಮನ ಮನೆ ಬಾಗಿಲಿಗೂ ಹೋಗಿದ್ದ. ತಾನು ಮತ್ತೆ ಹೋಗದ ಬಾಗಿಲಿಗೆ. ಅಂದರೆ ಈ ಮುದುಕ ನಿಜವಾಗಿಯೂ ಸತ್ತವನಾಗಿಯೇ ನೀರಿಗೆ ಹೊರಟಿದ್ದಾನೆ, ಹೂಳಲು ತಯಾರಾಗಿ. ದೇವರು ಅವನನ್ನು ಎಬ್ಬಿಸುತ್ತಾನೆ, ಅದನ್ನು ತಡೆಯಲು ತನ್ನ ಕೈಯಲ್ಲಿ ಏನೂ ಇಲ್ಲ. ಶಿಲುಬೆಯ ಕಳ್ಳ ಮತ್ತೊಮ್ಮೆ ಗೆದ್ದ. ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ಮಂಜಾಯಿತು. ನಾನೇ ಅವಳು ಎಂದರೆ ಮುಗಿಯಿತು. ಅವನ ಎದೆಯ ಮೇಲಿನ ಕೊಲೆ ಇಳಿಯುತ್ತದೆ, ನಗುತ್ತಾ ನೀರಿಗಿಳಿಯುತ್ತಾನೆ. ಅದೊಂದನ್ನಾದರೂ ತಾನು ಇಟ್ಟುಕೊಳ್ಳಬಹುದು.

"ತಂಗಿ," ಅಂದಳು. "ನಾನು ಅವಳ ತಂಗಿ."

"ಹೋಗೋ ಮುಂಚೆ ನನ್ನ ಬಗ್ಗೆ ಏನಾದ್ರೂ..."

"ಏನೂ ಹೇಳ್ಲಿಲ್ಲ."

ಅವನು ತಲೆಯಾಡಿಸಿದ, ಅದೇ ಸರಿ ಎಂಬಂತೆ. ತಿರುಗಿ ನಾಲ್ಕನೆಯ ಮೆಟ್ಟಿಲು ಇಳಿದ. ಪಾಸ್ಟರ್ ಕೇಳಿದ್ದಕ್ಕೆಲ್ಲ ಹೌದು ಅಂದ. ಹಿಂದಕ್ಕೆ ಬಾಗಿದ. ಅಂಗಿ ಒಂದಿಷ್ಟೂ ಉಬ್ಬದೆ ಅವನ ಜೊತೆ ಮುಳುಗಿತು. ಏಳುವಾಗ ತೋಳು ಮೇಲೆ ಬರಲಿಲ್ಲ. ಪಾಸ್ಟರ್ ಎರಡು ಸಲ ಜಗ್ಗಬೇಕಾಯಿತು, ಬಡಗಿಯ ಕೈಯಾದ್ದರಿಂದ ಜಗ್ಗಿದರು. ಮುದುಕ ಕೆಮ್ಮುತ್ತಾ, ಅಳುತ್ತಾ, ಬಾಯಿಗೆ ಹೋದ ನೀರು ಉಗುಳುತ್ತಾ ಎದ್ದ. ಯಾರೂ ನಗಲಿಲ್ಲ. ಹಾಡು ಜೋರಾಯಿತು. ಅವಳು ನೋಡಬೇಕೆಂದು ಕಾದಿದ್ದ ಪರದಾಟ ಇದೇ ಆಗಿತ್ತು. ನೋಡಿದಾಗ ಏನೂ ಅನಿಸಲಿಲ್ಲ.

ಕೋಣೆಯಲ್ಲಿ ಅವನು ನೀರು ಸೋರಿಸುತ್ತಾ ನಿಂತ. ಅವಳು ಟವಲು ಕೊಡಲಿಲ್ಲ, ಮರೆತದ್ದೂ ಅಲ್ಲ. ಮೇಜಿಗೆ ಹೋಗಿ ರಿಜಿಸ್ಟರು ತೆರೆದು, ಸಾಕ್ಷಿ ಎಂದಿರುವಲ್ಲಿ ಯಾವತ್ತಿನ ಹಾಗೆ ತನ್ನ ಹೆಸರು ಬರೆದಳು. ಪೆನ್ನು ಇಡುವ ಹೊತ್ತಿಗೆ ಅವನು ಬೆನ್ನ ಹಿಂದಿನಿಂದ, ಮಕ್ಕಳು ಕೇಳುವಷ್ಟು ಮೆತ್ತಗೆ ಕೇಳಿದ:

"ನಿಮ್ಮಕ್ಕನ ಹೆಸರೇನಮ್ಮ? ಇಷ್ಟು ವರ್ಷ ಪ್ರಾರ್ಥನೇಲಿ ನಂಬರೇ ಹೇಳ್ತಿದೀನಿ. ಇಪ್ಪತ್ತೇಳು ಅಂತ. ದೇವ್ರಿಗೆ ಯಾರು ಅಂತ ಗೊತ್ತಾಗತ್ತೋ ಇಲ್ವೋ."

ಸುಳ್ಳಿಗೆ ಒಂದು ಹೆಸರು ಬೇಕಾಗಿತ್ತು. ಯಾವುದಾದರೂ ಆಗುತ್ತಿತ್ತು. ಅವಳು ಬಾಯಿ ತೆರೆದಳು. ಹದಿನಾಲ್ಕು ಬಂತು, ಮೂವತ್ತೊಂದು ಬಂತು. ಪಕ್ಕದಲ್ಲಿ ಕೂತು ಅತ್ತವಳ ಹೆಸರು ಕೂಡ ತನಗೆ ಗೊತ್ತಿಲ್ಲ. ನಾಲಿಗೆಯ ಮೇಲೆ ಇದ್ದದ್ದು ಒಂದೇ ಹೆಸರು. ಅದನ್ನು ಇವನ ಕಿವಿ ಒಮ್ಮೆಯಾದರೂ ಕೇಳಿಸಿಕೊಳ್ಳಲಿ, ಇವನ ಬಾಯಿ ಒಮ್ಮೆಯಾದರೂ ಆಡಲಿ ಎಂಬ ಆಸೆ ಎಲ್ಲಿಂದಲೋ ನುಗ್ಗಿ ಬಂದು ಬುದ್ಧಿಯನ್ನು ಆಚೆ ತಳ್ಳಿತು. ಹೇಳಿದಳು. ಪೂರ್ತಿ ಹೇಳಿದಳು, ಅಪ್ಪನ ಹೆಸರು ಸೇರಿಸಿ.

ಅವನು ಅದನ್ನು ಮೆಲ್ಲಗೆ ಎರಡು ಸಲ ಆಡಿಕೊಂಡ, ಪಾಠ ಮಾಡಿಕೊಳ್ಳುವ ಹಾಗೆ. ಆಮೇಲೆ ತಾನೂ ರುಜು ಹಾಕಲೆಂದು ರಿಜಿಸ್ಟರಿನ ಮೇಲೆ ಬಗ್ಗಿದ. ಒದ್ದೆ ತೋರುಬೆರಳು ಹಾಳೆಯ ಮೇಲೆ ಒಂದೊಂದೇ ಸಾಲು ಇಳಿಯುತ್ತಾ ಬಂತು. ಕೊನೆಯ ಸಾಲಿಗೆ ಬಂದು ಸಾಕ್ಷಿಯ ಹೆಸರಿನ ಮೇಲೆ ನಿಂತಿತು. ಈ ಸಲ ತಟ್ಟಲಿಲ್ಲ. ಅವನು ಬಹಳ ಹೊತ್ತು ಹಾಳೆಯನ್ನೇ ನೋಡಿದ. ತಲೆ ಎತ್ತಿ ಅವಳ ಮುಖ ನೋಡಿದ. ಅವಳಿಗೆ ಗೊತ್ತಿರುವ ಹಾಗೆ, ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಬದುಕಿದ್ದಾಳೆ ಎಂಬ ಸಂತೋಷವೋ, ಸುಳ್ಳು ಹೇಳಿದಳೆಂಬ ನೋವೋ, ಅವನ ಮುಖದಲ್ಲಿ ಎರಡೂ ಇದ್ದವು. ಮೂರು ಹೆಜ್ಜೆ ಹಿಂದಕ್ಕೆ ಸರಿದು ಕೋಣೆಯ ನಡುವೆ ನಿಂತ. ಎರಡೂ ತೋಳು ಎತ್ತಿದ.

ತೋಳಂಚುಗಳಿಂದ ನೀರು ಧಾರೆಯಾಗಿ ಸುರಿಯಿತು. ಆ ತೋಳುಗಳಲ್ಲಿ ಎಷ್ಟೆಷ್ಟು ಸೀಸವಿದೆ ಎಂದು ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು. ಇಳಿಸಿ ಎನ್ನಬೇಕು ಎಂದುಕೊಂಡಳು. ಬದಲಿಗೆ ಟವಲನ್ನು ತೆಗೆದುಕೊಂಡು, ಕುರ್ಚಿ ಎಳೆದು, ಅವನ ಎದುರಿಗೇ ಕೂತಳು. ಟವಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಸುಖವಾಯಿತು. ಆಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಲಿಲ್ಲ.

ಸೊಸೆ ಒಣ ಬಟ್ಟೆಯ ಗಂಟು ಹಿಡಿದುಕೊಂಡು ಒಳಗೆ ಬಂದಳು, ಬಾಗಿಲಲ್ಲೇ ನಿಂತಳು. "ಮಾವಾ, ಏನಿದು? ಯಾಕಕ್ಕ ಹಿಂಗ್ ನಿಂತಿದಾರೆ?"

"ನೀರು ಇಳೀಲಿ ಅಂತ," ಅಂದಳು ಅವಳು.

ಮುದುಕನ ತೋಳು ನಡುಗತೊಡಗಿತು. ಭುಜದ ಮಟ್ಟಕ್ಕೆ ಇಳಿಯಿತು. ಅವಳ ಗಂಟಲಿನವರೆಗೆ ಒಂದು ಮಾತು ಬಂತು, ಆದರೆ ಯಾರೂ ಹೇಳುವ ಮೊದಲೇ ಅವನು ದವಡೆ ಬಿಗಿದು ತಾನಾಗಿ ಮತ್ತೆ ಎತ್ತಿದ. ಅವಳ ಎರಡೂ ಭುಜಗಳಲ್ಲಿ ಸಣ್ಣಗೆ ನೋವು ಶುರುವಾಗಿತ್ತು. ಟವಲಿನ ಮಡಿಕೆ ಬಿಚ್ಚಿ, ಹರವಿ, ಸಿದ್ಧವಾಗಿ ಹಿಡಿದುಕೊಂಡು ಬಾಗಿಲ ಮೇಲಿನ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಐದು ನಿಮಿಷ. ಟೀ ಗಂಟೆಗೆ ಇನ್ನೂ ಹೊತ್ತಿತ್ತು.